ಎಳ್ಳಮಾಸಿಯಿಂದ ಉರುಸಿನವರೆಗೆ: ಕಲಬುರಗಿ ಸೀಮೆಯ ಅಂಗಡಿಗಳಿಗೆ ಹಬ್ಬದ ಪ್ರಚಾರದ ಕೈಪಿಡಿ

ಎಳ್ಳ ಅಮಾವಾಸ್ಯೆಯ ದಿನ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಿಂತರೆ ರಸ್ತೆ ಬಿಕೋ ಅನ್ನುತ್ತದೆ. ಊರಿಗೆ ಊರೇ ಹೊಲದಲ್ಲಿರುತ್ತದೆ. ಹೊಲಕ್ಕೆ ಚರಗ (ಎಡೆಯ ಅಡುಗೆ) ಚೆಲ್ಲಿ, ಸಜ್ಜೆ ರೊಟ್ಟಿಯ ಮೇಲೆ ಕಾಳು-ಸೊಪ್ಪಿನ ಭಜ್ಜಿ ಹಾಕಿಕೊಂಡು, ಬನ್ನಿಯೋ ಬೇವೋ ಸಿಕ್ಕ ಗಿಡದ ನೆರಳಿನಲ್ಲಿ ಉಣ್ಣುತ್ತಿರುತ್ತದೆ. ಅವತ್ತು ‘ಇಂದು ಮಾತ್ರ ವಿಶೇಷ ರಿಯಾಯಿತಿ’ ಎಂದು ಬೋರ್ಡು ಹಾಕಿದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಅದೇ ಅಂಗಡಿ ನಾಲ್ಕು ದಿನ ಮೊದಲು, ಮನೆಯ ಹೆಣ್ಣುಮಕ್ಕಳು ಸಜ್ಜೆ, ಎಳ್ಳು, ಬೆಲ್ಲದ ಚೀಟಿ ಬರೆಯುವ ಹೊತ್ತಿಗೆ ಬಾಯಿ ತೆರೆದಿದ್ದರೆ ಗಲ್ಲಾ ತುಂಬುತ್ತಿತ್ತು.

ಹಬ್ಬದ ಪ್ರಚಾರದಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಹಬ್ಬದ ದಿನ ಬೇರೆ, ಖರೀದಿಯ ದಿನ ಬೇರೆ, ಜನರ ಕೈಗೆ ದುಡ್ಡು ಬರುವ ದಿನ ಇನ್ನೂ ಬೇರೆ. ಈ ಮೂರನ್ನೂ ಬಿಡಿಸಿ ನೋಡಿದ ಮೇಲೆಯೇ ಬ್ಯಾನರು, ವಾಟ್ಸ್ಯಾಪ್, ರಿಯಾಯಿತಿಯ ಮಾತು.

ಮೊದಲ ಕೆಲಸ: ಮೂರು ಕಾಲಂನ ಕ್ಯಾಲೆಂಡರು

ಒಂದು ದೊಡ್ಡ ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಕಾಲಂ ಗೆರೆ ಎಳೆಯಿರಿ. ಮೊದಲನೆಯದರಲ್ಲಿ ಹಬ್ಬದ ತಾರೀಖು, ಎರಡನೆಯದರಲ್ಲಿ ಆ ಹಬ್ಬಕ್ಕೆ ನಿಮ್ಮ ಅಂಗಡಿಯ ಮಾಲು ಜನ ಯಾವತ್ತಿನಿಂದ ಕೊಳ್ಳುತ್ತಾರೆ ಎಂಬುದು, ಮೂರನೆಯದರಲ್ಲಿ ಆ ಹೊತ್ತಿಗೆ ಅವರ ಕೈಯಲ್ಲಿ ದುಡ್ಡಿರುತ್ತದೋ ಇಲ್ಲವೋ ಎಂಬುದು.

ಮೂರನೆಯ ಕಾಲಂ ಬೆಂಗಳೂರಿನವರ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ನಮ್ಮ ಸೀಮೆಯಲ್ಲಿ ಅದಿಲ್ಲದೆ ಲೆಕ್ಕ ಕೂಡುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ದುಡ್ಡಿನ ಹರಿವು ತೊಗರಿಯ ಬೆನ್ನು ಹತ್ತಿ ಹೋಗುತ್ತದೆ. ಡಿಸೆಂಬರ್ ಕೊನೆಯಿಂದ ಗಂಜಿಗೆ (ಎಪಿಎಂಸಿ ಮಾರುಕಟ್ಟೆಗೆ) ತೊಗರಿ ಬರಲು ಶುರುವಾಗಿ ಜನವರಿ, ಫೆಬ್ರವರಿಯಲ್ಲಿ ರೈತರ ಕೈ ಬಿಸಿಯಾಗಿರುತ್ತದೆ. ಆದ್ದರಿಂದ ದೀಪಾವಳಿಗೆ ಹಳ್ಳಿಯ ಗಿರಾಕಿ ಕೈಹಿಡಿದು ಖರ್ಚು ಮಾಡಿದರೂ ಸಂಕ್ರಾಂತಿ, ಯುಗಾದಿ ಮತ್ತು ಬೇಸಿಗೆಯ ಮದುವೆಗಳಿಗೆ ಧಾರಾಳವಾಗಿ ಕೊಳ್ಳುತ್ತಾನೆ. ಬೀದರ್ ಕಡೆ ಹಾಗಲ್ಲ. ಅಲ್ಲಿ ಸೋಯಾ ಹೆಚ್ಚು, ರಾಶಿ ಆಗುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ ಹೆಸರು, ಉದ್ದಿನ ದುಡ್ಡೂ ಬಂದಿರುತ್ತದೆ. ಭಾಲ್ಕಿ, ಔರಾದ್‌ಗಳಲ್ಲಿ ದಸರಾ, ದೀಪಾವಳಿಗೇ ಜೇಬು ತುಂಬಿರುತ್ತದೆ. ಯಾದಗಿರಿಯಲ್ಲಿ ಶಹಾಪುರ, ಸುರಪುರದ ಕಾಲುವೆ ನೀರಿನ ಹಳ್ಳಿಗಳಲ್ಲಿ ಭತ್ತ, ಹತ್ತಿ ಹೆಚ್ಚು, ಆದ್ದರಿಂದ ನವೆಂಬರಿನಿಂದ ಜನವರಿಯವರೆಗೆ ಒಂದು ಹರಿವು, ಬೇಸಿಗೆಯ ಭತ್ತಕ್ಕೆ ಇನ್ನೊಂದು. ಒಂದೇ ದೀಪಾವಳಿ ಆಫರನ್ನು ಮೂರೂ ಜಿಲ್ಲೆಯ ಅಂಗಡಿಗೆ ಹಚ್ಚಿದರೆ ಒಂದು ಕಡೆ ಓಡುತ್ತದೆ, ಎರಡು ಕಡೆ ಕೂತುಬಿಡುತ್ತದೆ.

ನೌಕರದಾರರ ಓಣಿಯಲ್ಲಿ ಅಂಗಡಿ ಇದ್ದರೆ ಮೂರನೆಯ ಕಾಲಂ ಸರಳ. ಹಬ್ಬ ತಿಂಗಳ 1ರಿಂದ 12ರೊಳಗೆ ಬಂದರೆ ದೊಡ್ಡ ಮಾಲು ಮುಂದಿಡಿ, 20ರ ನಂತರ ಬಂದರೆ 500 ರೂಪಾಯಿ ಒಳಗಿನ ಸಣ್ಣ ಮಾಲು ಮುಂದಿಡಿ.

ನಾಗರ ಪಂಚಮಿಯ ಹೊತ್ತಿಗೆ ಬಿತ್ತನೆ ಬೀಜ, ಗೊಬ್ಬರಕ್ಕೆ ರೈತರ ದುಡ್ಡು ಖಾಲಿಯಾಗಿರುತ್ತದೆ. ಆದರೂ ಗಂಡನ ಮನೆಯಿಂದ ಮಗಳು ಬಂದಿರುತ್ತಾಳೆ, ಬರಿಗೈಯಲ್ಲಿ ಕಳಿಸುವ ತಾಯಿ ಇಲ್ಲ. ಬಳೆ, ಖಣ, ಶೇಂಗಾ, ಅರಳು, ಕೊಬ್ಬರಿ, ಮಕ್ಕಳ ಬಟ್ಟೆ ಇವು ದುಡ್ಡಿಲ್ಲದ ತಿಂಗಳಲ್ಲೂ ಹೋಗುತ್ತವೆ, ಆದರೆ ಸಣ್ಣ ಬಿಲ್ಲಿನಲ್ಲಿ. ಆಗ ಫ್ರಿಜ್ಜಿನ ಜಾಹೀರಾತು ಹಾಕುವುದು ದಂಡ.

ತಾರೀಖಿನ ವಿಷಯದಲ್ಲಿ ಮೂರು ಎಚ್ಚರ. ರಂಜಾನ್, ಬಕ್ರೀದ್, ಕಲಬುರಗಿ ದರ್ಗಾದ ಬಂದೇನವಾಜರ ಉರುಸು ಇವು ಚಾಂದ್ರ ಹಿಜರಿ ತಿಂಗಳಿನ ಮೇಲೆ ನಡೆಯುವುದರಿಂದ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತವೆ. ಉರುಸು ಜಿಲ್ಕಾದ್ ತಿಂಗಳ 15ರ ಸಂದಲ್‌ನಿಂದ (ಗಂಧದ ಮೆರವಣಿಗೆಯಿಂದ) ಶುರು. ಹೋದ ವರ್ಷದ ಇಂಗ್ಲಿಷ್ ತಾರೀಖು ನೋಡಿ ಮಾಲು ತರಿಸಿದರೆ ಹಬ್ಬ ದಾಟಿದ ಮೇಲೆ ಲಾರಿ ಬರುತ್ತದೆ. ಈದ್‌ ದಿನವನ್ನು ಕಾಗದದ ಮೇಲೆ ಅಚ್ಚು ಹಾಕಲೇಬೇಡಿ, ಚಂದ್ರ ಕಂಡ ಮೇಲೆ ಗೊತ್ತಾಗುವ ದಿನ ಅದು. ‘ಈದ್‌ವರೆಗೆ’ ಎಂದರೆ ಸಾಕು. ಇನ್ನೊಂದು, ಅಮಾವಾಸ್ಯೆ ಎರಡು ದಿನಕ್ಕೆ ಹರಡಿಕೊಂಡಾಗ ಒಂದು ಊರಲ್ಲಿ ಇವತ್ತು, ಪಕ್ಕದ ಊರಲ್ಲಿ ನಾಳೆ ಚರಗ ಚೆಲ್ಲುತ್ತಾರೆ. ಕ್ಯಾಲೆಂಡರ್ ಒಂದನ್ನೇ ನಂಬದೆ ನಿಮ್ಮ ಗಿರಾಕಿಗಳ ನಾಲ್ಕು ಹಳ್ಳಿಯವರನ್ನು ಕೇಳಿ ತಾರೀಖು ಖಚಿತ ಮಾಡಿಕೊಳ್ಳಿ. ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸ ಬಂದು ಮುಂದಿನ ಹಬ್ಬಗಳನ್ನೆಲ್ಲ ತಡವಾಗಿಸುತ್ತದೆ. ಆ ತಿಂಗಳು ಮದುವೆ ಇರುವುದಿಲ್ಲ, ಬಟ್ಟೆ, ಬಂಗಾರದವರು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಬೀದರಿನ ಮರಾಠಿ ಮನೆಗಳಲ್ಲಿ ಅದೇ ತಿಂಗಳು ಅಳಿಯನನ್ನು ಕರೆದು ಅನಾರಸ ಕೊಡುವ ರೂಢಿ ಇದೆ, ಸಿಹಿ ತಿನಿಸಿನ ಅಂಗಡಿಗೆ ಅದೇ ಹಬ್ಬ.

ವರ್ಷಕ್ಕೆ ಮೂರೋ ನಾಲ್ಕೋ ಸಾಕು

ಕ್ಯಾಲೆಂಡರ್ ಬರೆದಾಗ ಇಪ್ಪತ್ತೈದು ಹಬ್ಬ ಕಾಣುತ್ತವೆ. ಎಲ್ಲದಕ್ಕೂ ಆಫರ್ ಇಟ್ಟರೆ ಗಿರಾಕಿ ಆಫರ್ ಇಲ್ಲದ ದಿನ ಬರುವುದನ್ನೇ ಬಿಡುತ್ತಾನೆ. ಒಂದು ಅಂಗಡಿಗೆ ದೊಡ್ಡ ಪ್ರಚಾರ ಎರಡು, ಸಣ್ಣವು ಎರಡು. ಹಬ್ಬದ ಮನೆಗೆಲಸದಲ್ಲಿ ನಿಮ್ಮ ಮಾಲು ಎಲ್ಲಿ ಕೂಡುತ್ತದೆ ಎಂದು ಕೇಳಿಕೊಂಡರೆ ಯಾವ ನಾಲ್ಕು ಎಂಬುದು ತಾನೇ ಗೊತ್ತಾಗುತ್ತದೆ.

ಬಣ್ಣದ ಅಂಗಡಿಗೆ ದೀಪಾವಳಿ ಅಂದರೆ ದೀಪಾವಳಿಗೆ 25 ದಿನ ಮೊದಲು, ಯಾಕೆಂದರೆ ಬಣ್ಣ ಹಚ್ಚಿ, ಒಣಗಿಸಿ, ಸಾಮಾನು ಜೋಡಿಸಬೇಕು. ಪೇಂಟರುಗಳು ಆಮೇಲೆ ಸಿಗುವುದೂ ಇಲ್ಲ. ಬಂಗಾರದವರಿಗೆ ಅಕ್ಷಯ ತದಿಗೆ. ನಮ್ಮಲ್ಲಿ ಅದೇ ದಿನ ಬಸವ ಜಯಂತಿ, ಬಸವಕಲ್ಯಾಣದ ಕಡೆ ಮನೆಮಂದಿಯೆಲ್ಲ ಮೆರವಣಿಗೆಯಲ್ಲಿರುತ್ತಾರೆ, ಖರೀದಿ ಹಿಂದಿನ ಎರಡು ದಿನ ಮತ್ತು ಅವತ್ತಿನ ಸಂಜೆ. ಗಾಡಿ ಷೋರೂಮಿನವರಿಗೆ ದಸರಾ ಮತ್ತು ಪಾಡ್ಯ. ಬಟ್ಟೆಯವರಿಗೆ ರಂಜಾನಿನ ಕೊನೆಯ ಹತ್ತು ದಿನ: ತರಾವೀಹ್ ನಮಾಜು ಮುಗಿದ ಮೇಲೆ ರಾತ್ರಿ ವ್ಯಾಪಾರ, ಹಗಲು ಅಂಗಡಿ ಖಾಲಿ. ಆ ಹತ್ತು ದಿನಕ್ಕೆ ಹುಡುಗರ ಪಾಳಿಯನ್ನೇ ಬದಲಿಸಬೇಕು.

ಬೀದರಿನ ಬಿದರಿ ಅಂಗಡಿಗಳಿಗೆ ಕಾರ್ತಿಕ ಹುಣ್ಣಿಮೆ, ಅಂದರೆ ಗುರುನಾನಕ್ ಜಯಂತಿ. ಗುರುನಾನಕ್ ಝೀರಾ ಗುರುದ್ವಾರಕ್ಕೆ ದೂರದಿಂದ ಬಂದವರಿಗೆ ಬಿದರಿ ಅಂದರೇನು ಎಂದು ತಿಳಿದಿರುವುದಿಲ್ಲ. ರಿಯಾಯಿತಿಗಿಂತ ಒಂದು ಸಣ್ಣ ಕಾರ್ಡು ಅಲ್ಲಿ ಹೆಚ್ಚು ಕೆಲಸ ಮಾಡುತ್ತದೆ: ಸತು-ತಾಮ್ರದ ಮಿಶ್ರಲೋಹ, ಬೆಳ್ಳಿಯ ಕೂರಿಸುವಿಕೆ, ಕೋಟೆಯ ಮಣ್ಣಿನಿಂದ ಬಂದ ಕಪ್ಪು. ಹಿಂದಿ, ಪಂಜಾಬಿ, ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಬಸ್ಸಿನಲ್ಲಿ ಚೀಲಕ್ಕೆ ಹಾಕಿ ಒಯ್ಯುವಂಥ ಸಣ್ಣ ಡಬ್ಬಿ, ಕೀಲಿಗೊಂಚಲು ಮುಂದೆ, ದೊಡ್ಡ ಹೂದಾನಿ ಹಿಂದೆ.

ಹೋಳಿ ಹುಣ್ಣಿಮೆಯ ಐದನೇ ದಿನಕ್ಕೆ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಮಾಲು ಕಡಿಮೆ ಬೆಲೆಗೆ ಮಾರುವವರು ಜಾತ್ರೆಯ ಒಳಗೇ ಇರುತ್ತಾರೆ. ಅವರ ಸರಿಸಮ ನಿಲ್ಲಲು ಹೋಗಬೇಡಿ. ಬಿಸಿಲು ಏರುವ ಕಾಲ, ಜನ ಹಳ್ಳಿಯಿಂದ ಮಕ್ಕಳು, ಗಂಟು ಹೊತ್ತು ಬಂದಿರುತ್ತಾರೆ. ಕುಡಿಯಲು ತಂಪು ನೀರು, ಚೀಲ ಇಡಲು ಜಾಗ, ಕೂಡಲು ಒಂದು ಬೆಂಚು, ಗೋಡೆಯ ಮೇಲೆ ಆಳಂದ, ಅಫಜಲಪುರ, ಸೇಡಂ, ಜೇವರ್ಗಿ ಕಡೆಯ ಕೊನೇ ಬಸ್ಸಿನ ವೇಳೆ. ಬಸ್ಸಿನ ವೇಳೆಯನ್ನು ನಿಲ್ದಾಣದಲ್ಲಿ ಕೇಳಿ ಬರೆಯಿರಿ, ಜಾತ್ರೆಗೆ ಹೆಚ್ಚುವರಿ ಬಸ್ಸು ಬಿಟ್ಟಿರುತ್ತಾರೆ. ಶರಣಬಸವರ ಹೆಸರು ದಾಸೋಹಕ್ಕೆ ನಿಂತ ಹೆಸರು, ಅಲ್ಲಿ ಒಂದು ಅಂಗಡಿ ನೀರು ಕೊಟ್ಟಿದ್ದನ್ನು ಜನ ವರ್ಷಗಟ್ಟಲೆ ನೆನಪಿಡುತ್ತಾರೆ.

ಆಫರ್ ಅಲ್ಲ, ಗಂಟು ಕಟ್ಟಿ

‘10% ರಿಯಾಯಿತಿ’ ಬರೆಯುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಕಿರಾಣಿಯಲ್ಲಿ 100 ರೂಪಾಯಿಯ ಮಾರಾಟಕ್ಕೆ 15 ರೂಪಾಯಿ ಉಳಿಯುತ್ತದೆ ಅಂದುಕೊಳ್ಳಿ. 5% ಬಿಟ್ಟರೆ ಉಳಿಯುವುದು 10, ಮೊದಲಿನಷ್ಟೇ ಲಾಭ ಆಗಲು ಒಂದೂವರೆ ಪಟ್ಟು ಮಾಲು ಹೋಗಬೇಕು. 10% ಬಿಟ್ಟರೆ ಉಳಿಯುವುದು 5, ಮೂರು ಪಟ್ಟು ಹೋಗಬೇಕು. ಹಬ್ಬಕ್ಕೆ ಕಿರಾಣಿ ಮೂರು ಪಟ್ಟು ಹೋಗುವುದಿಲ್ಲ. 40 ರೂಪಾಯಿ ಉಳಿಯುವ ಬಟ್ಟೆಯಲ್ಲಾದರೆ 10% ಬಿಟ್ಟಾಗ ಮಾರಾಟ ಮೂರನೇ ಒಂದು ಭಾಗ ಹೆಚ್ಚಿದರೆ ಸಾಕು. ಅದಕ್ಕೇ ಬಟ್ಟೆಯವನ ಬೋರ್ಡು ನೋಡಿ ಕಿರಾಣಿಯವನು ನಕಲು ಮಾಡಬಾರದು.

ಬೆಲೆ ಇಳಿಸುವುದಕ್ಕಿಂತ ಹಬ್ಬದ ಒಂದು ಪೂರ್ತಿ ಕೆಲಸವನ್ನು ಗಂಟು ಕಟ್ಟಿ ಕೊಡುವುದು ಲೇಸು. ಎಳ್ಳಮಾಸಿಯನ್ನೇ ತೆಗೆದುಕೊಳ್ಳಿ. ಹೊಲದಲ್ಲಿ ಹತ್ತು ಮಂದಿ ಉಣ್ಣಲು ಅಂಗಡಿಯಿಂದ ಬೇಕಾಗುವುದು: ಸಜ್ಜೆ ಹಿಟ್ಟು 2 ಕೆಜಿ, ಕಡಲೆ ಹಿಟ್ಟು ಅರ್ಧ ಕೆಜಿ, ಶೇಂಗಾ 1 ಕೆಜಿ, ಬೆಲ್ಲ 1 ಕೆಜಿ, ರೊಟ್ಟಿಗೆ ಹಚ್ಚಲು ಎಳ್ಳು 200 ಗ್ರಾಂ, ಹುಣಸೆಹಣ್ಣು 200 ಗ್ರಾಂ, ಎಣ್ಣೆ ಅರ್ಧ ಲೀಟರ್, ಪತ್ರಾವಳಿ 15, ಊದಿನಕಡ್ಡಿ, ಕರ್ಪೂರ, ಬೆಂಕಿಪೊಟ್ಟಣ. ಕೊನೆಯದು ಸಣ್ಣದು ಅನ್ನಿಸಬಹುದು. ಹೊಲಕ್ಕೆ ಹೋದ ಮೇಲೆ ನೆನಪಾಗುವುದು ಅದೇ. ಭಜ್ಜಿಗೆ ಬೇಕಾದ ಹಸಿ ತೊಗರಿ, ಹಸಿ ಕಡಲೆ, ಮೆಂತ್ಯ, ಪುಂಡಿಪಲ್ಯವನ್ನು ಗಂಟಿಗೆ ಸೇರಿಸಬೇಡಿ. ಒಂದೇ ದಿನಕ್ಕೆ ಬಾಡುತ್ತವೆ, ಹೊಲ ಇದ್ದವರು ಹೊಲದಲ್ಲೇ ಕೀಳುತ್ತಾರೆ.

ಲೆಕ್ಕ ತಿಳಿಯಲು ದುಂಡು ಅಂಕಿ ಇಟ್ಟುಕೊಳ್ಳೋಣ. ಇವೆಲ್ಲ ಬಿಡಿಬಿಡಿಯಾಗಿ 700 ರೂಪಾಯಿ ಆಗುತ್ತವೆ, ನಿಮಗೆ ಬಿದ್ದದ್ದು 595. ಗಂಟಿನ ಬೆಲೆ 675 ಇಡಿ. ಉಳಿಯುವ 80ರಲ್ಲಿ ಬಟ್ಟೆ ಚೀಲಕ್ಕೆ 12, ಕಟ್ಟುವ ಕೂಲಿಗೆ 8 ತೆಗೆದರೆ 60. ಅದೇ ಗಿರಾಕಿ ಸುಮ್ಮನೆ ಬಂದು ಎರಡು ಮೂರು ಸಾಮಾನು ಸೇರಿಸಿ 250 ರೂಪಾಯಿ ಬಿಲ್ ಮಾಡಿದ್ದರೆ ಉಳಿಯುತ್ತಿದ್ದದ್ದು 37. ಅವರಿಗೆ 25 ರೂಪಾಯಿ ಮತ್ತು ಅರ್ಧ ತಾಸು ಉಳಿತಾಯ, ನಿಮಗೂ ಹೆಚ್ಚು.

ಈ ಗಂಟಿನಲ್ಲಿ ಕೆಡುವುದು ಸಜ್ಜೆ ಹಿಟ್ಟು. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದ ಮೇಲೆ ಗಾಳಿ ತಾಗಿ ಬೇಗ ಕಹಿಯಾಗುತ್ತದೆ. ಹದಿನೈದು ದಿನ ಮೊದಲೇ ಬೀಸಿ ಕಟ್ಟಿಟ್ಟರೆ ಹೊಲದಲ್ಲಿ ರೊಟ್ಟಿ ಬಾಯಿಗಿಟ್ಟಾಗ ಕಹಿ, ಮುಂದಿನ ವರ್ಷ ಆ ಮನೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಕಾಳನ್ನು ತರಿಸಿ ಇಟ್ಟುಕೊಳ್ಳಿ, ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಗಿರಣಿಗೆ ಹಾಕಿ. ಗಿರಣಿಯವರಿಗೆ ಒಂದು ವಾರ ಮೊದಲೇ ಹೇಳಿ ಪಾಳಿ ಹಿಡಿಯಿರಿ, ಆ ವಾರ ಊರಿನ ಸಜ್ಜೆಯೆಲ್ಲ ಅಲ್ಲೇ ಸಾಲು ನಿಂತಿರುತ್ತದೆ. ಮೊದಲ ವರ್ಷ 40 ಗಂಟಿನಿಂದ ಶುರು ಮಾಡಿ, ಹೆಸರು ಬರೆಸಿದವರ ಲೆಕ್ಕಕ್ಕೆ 10% ಕೂಡಿಸಿ ಅಷ್ಟೇ ಕಟ್ಟಿ.

ಕಾನೂನಿನ ಮೂರು ಮಾತು ಇಲ್ಲೇ ಹೇಳಿಬಿಡಬೇಕು. ಹಿಟ್ಟನ್ನು ಮೊದಲೇ ತೂಗಿ ಪೊಟ್ಟಣ ಕಟ್ಟಿದರೆ ಅದರ ಮೇಲೆ ಹೆಸರು, ನಿವ್ವಳ ತೂಕ, ಕಟ್ಟಿದ ತಾರೀಖು, ಎಂಆರ್‌ಪಿ, ನಿಮ್ಮ ವಿಳಾಸ, ಆಹಾರ ಪರವಾನಗಿಯ ಸಂಖ್ಯೆ ಇರಬೇಕು. ಗಿರಾಕಿಯ ಎದುರಿಗೆ ತೂಗಿ ಕೊಟ್ಟರೆ ಪೊಟ್ಟಣದ ಈ ನಿಯಮ ಬರುವುದಿಲ್ಲ. ಎರಡನೆಯದು, ಜಿಎಸ್‌ಟಿ ಕಟ್ಟುವವರು ಏನನ್ನಾದರೂ ‘ಉಡುಗೊರೆ’ ಎಂದು ಪುಕ್ಕಟೆ ಕೊಟ್ಟರೆ ಆ ವಸ್ತುವಿನ ಖರೀದಿಯ ತೆರಿಗೆಯನ್ನು ಹಿಂದಕ್ಕೆ ಪಡೆಯಲಾಗದು. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿದರೆ ತೆರಿಗೆ ಕಡಿಮೆಯಾದ ಬೆಲೆಯ ಮೇಲಷ್ಟೇ. ನಿಮ್ಮ ಲೆಕ್ಕಿಗರನ್ನು ಹಬ್ಬಕ್ಕೆ ತಿಂಗಳು ಮೊದಲೇ ಕೇಳಿ. ಮೂರನೆಯದು, ಅದೃಷ್ಟ ಚೀಟಿ ಎತ್ತುವ ಆಸೆ ಬಿಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮಾರಾಟಕ್ಕಾಗಿ ಲಾಟರಿ ನಡೆಸುವುದು, ಅದರ ಫಲಿತಾಂಶ ಮುಚ್ಚಿಡುವುದು, ಪುಕ್ಕಟೆ ಎಂದು ಹೇಳಿ ಬೆಲೆಯಲ್ಲಿ ಸೇರಿಸುವುದು ಅನುಚಿತ ವ್ಯಾಪಾರದ ಪಟ್ಟಿಯಲ್ಲಿವೆ. ಬೈಕು ಯಾರಿಗೆ ಬಂತು ಎಂದು ಗೊತ್ತಾಗದೆ ಜನ ಗೊಣಗುವ ಅಂಗಡಿಗಿಂತ ಎಲ್ಲರಿಗೂ ಒಂದೊಂದು ಒಳ್ಳೆಯ ಬಟ್ಟೆ ಚೀಲ ಕೊಡುವ ಅಂಗಡಿ ಮೇಲು.

ಉದ್ರಿಯ ಮಾತನ್ನೂ ಮೊದಲೇ ತೀರ್ಮಾನಿಸಿ. ಗಂಟು ನಗದಿಗೆ ಮಾತ್ರವೋ, ಖಾತೆಯವರಿಗೂ ಉಂಟೋ? ಗಲ್ಲಾದ ಮೇಲೆ ಕೂತ ಹುಡುಗ ಒಬ್ಬರಿಗೆ ಇಲ್ಲ ಎಂದು, ಇನ್ನೊಬ್ಬರಿಗೆ ಹೂಂ ಎಂದರೆ ಹಬ್ಬದ ದಿನ ಮನಸ್ತಾಪ. ತೊಗರಿ ಬಂದಾಗ ಬಾಕಿ ಕಟ್ಟುವ ನಂಬಿಕೆಯ ರೈತರಿಗೆ ಕೊಡಿ, ಆದರೆ ಹೆಸರಿನ ಪಟ್ಟಿ ಮೊದಲೇ ಬರೆದಿಡಿ.

ಮಾತು ಹೇಗಿರಬೇಕು

‘ನಮ್ಮ ಸಮಸ್ತ ಗ್ರಾಹಕ ಬಾಂಧವರಿಗೆ ಹಾರ್ದಿಕ ಶುಭಾಶಯಗಳು’ ಎಂಬ ಸಾಲು ಓದಿದ ಕೂಡಲೇ ಬೆರಳು ಮುಂದಕ್ಕೆ ಜಾರುತ್ತದೆ. ಗಲ್ಲಾದಲ್ಲಿ ನಿಂತು ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ:

‘ಅಕ್ಕಾರ, ನಮಸ್ಕಾರ್ರಿ. ಎಳ್ಳಮಾಸಿ ಗಂಟು ಕಟ್ಲಾಕತ್ತೀವಿ. ಹತ್ತು ಮಂದಿಗಿ ಸಾಕಾಗೋ ಸಜ್ಜಿ ಹಿಟ್ಟು, ಕಡ್ಲಿ ಹಿಟ್ಟು, ಶೇಂಗಾ, ಬೆಲ್ಲ, ಎಳ್ಳು, ಹುಣಸಿಹಣ್ಣು, ಎಣ್ಣಿ, ಪತ್ರೋಳಿ ಎಲ್ಲಾ ಅದಾವ. 675 ರೂಪಾಯಿ. ಹೆಸರು ಬರ್ಸಿದ ಮ್ಯಾಲೇ ಸಜ್ಜಿ ಬೀಸಸ್ತೀವಿ, ಅದಕ್ಕ ಗುರುವಾರ ಸಂಜಿತನಕ ಎಷ್ಟು ಬೇಕಂತ ಬರ್ದು ಕಳ್ಸ್ರಿ. ಎಳ್ಳಮಾಸಿ ದಿನ ಅಂಗಡಿ ಬಂದ್ ಇರ್ತದ.’

ಇದರಲ್ಲಿ ಏನಿದೆ, ಎಷ್ಟು, ಯಾವತ್ತಿನೊಳಗೆ, ಏನು ಮಾಡಬೇಕು, ನಾಲ್ಕೂ ಬಂದವು. ಗುರುವಾರವೇ ಯಾಕೆ ಕೊನೆ ಎಂಬ ಕಾರಣವೂ ಬಂತು. ಕಾರಣ ಸತ್ಯವಾಗಿದ್ದರೆ ಜನ ಗಡುವು ಪಾಲಿಸುತ್ತಾರೆ. ‘ಸ್ಟಾಕ್ ಮುಗಿಯುತ್ತಿದೆ’ ಎಂದು ಸುಳ್ಳು ಹೇಳಿದರೆ ಮರುದಿನ ಕಪಾಟಿನಲ್ಲಿ ಅದೇ ಮಾಲು ಕಂಡವರು ಮುಂದೆ ಯಾವ ಗಡುವನ್ನೂ ನಂಬುವುದಿಲ್ಲ.

ಭಾಷೆ ಓಣಿಗೆ ತಕ್ಕಂತೆ. ಭಾಲ್ಕಿ, ಔರಾದ್, ಕಮಲನಗರದ ಕಡೆ ಮರಾಠಿಯ ಎರಡು ಸಾಲು, ಸೇಡಂ, ಗುರುಮಠಕಲ್ ಗಡಿಯಲ್ಲಿ ತೆಲುಗು, ದರ್ಗಾ ಸುತ್ತಲಿನ ಬಡಾವಣೆಗಳಿಗೆ ಉರ್ದು. ತಂತ್ರಾಂಶದಿಂದ ತರ್ಜುಮೆ ಮಾಡಿ ಹಾಗೇ ಕಳಿಸಬೇಡಿ. ಆ ಮಾತು ಆಡುವ ಗಿರಾಕಿಯೊಬ್ಬರಿಗೆ ಓದಿ ತೋರಿಸಿ, ಎರಡು ನಿಮಿಷದ ಕೆಲಸ.

ಎಲ್ಲ ದಿನವೂ ಶುಭಾಶಯದ ದಿನವಲ್ಲ. ಮೊಹರಂ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಕೂಡಿ ಆಚರಿಸುವುದು ನಿಜ. ಆದರೂ ಅದು ಕರ್ಬಲಾದ ದುಃಖದ ನೆನಪು. ‘ಮೊಹರಂ ಹಾರ್ದಿಕ ಶುಭಾಶಯ’ ಎಂಬ ಬಣ್ಣದ ಚಿತ್ರ ನೋಯಿಸುತ್ತದೆ. ಗುಡ್ ಫ್ರೈಡೇ ಕೂಡ ಹಾಗೇ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಗೆ, ಬುದ್ಧ ಪೂರ್ಣಿಮೆಗೆ ‘ಭರ್ಜರಿ ಸೇಲ್’ ಹಾಕುವುದು ಸಲ್ಲದು. ಪುಸ್ತಕದ ಅಂಗಡಿ ಅವತ್ತು ಅವರ ಪುಸ್ತಕಗಳನ್ನು ಮುಂದೆ ಜೋಡಿಸಿಟ್ಟರೆ, ಬಟ್ಟೆಯಂಗಡಿ ಬಿಳಿ ಸೀರೆ, ಬಿಳಿ ಅಂಗಿ ಸಾಕಷ್ಟು ತರಿಸಿಟ್ಟರೆ ಅದು ಗೌರವವೂ ಹೌದು, ವ್ಯಾಪಾರವೂ ಹೌದು. ದೇವರ, ಶರಣರ, ಬಾಬಾಸಾಹೇಬರ ಚಿತ್ರವನ್ನು ಕೈಚೀಲ, ಕರಪತ್ರದ ಮೇಲೆ ಅಚ್ಚು ಹಾಕಿಸಲೇಬೇಡಿ. ಕರಪತ್ರ ಸಂಜೆಗೆ ಕಾಲ ಕೆಳಗೆ ಬೀಳುತ್ತದೆ. ತೆನೆ, ದೀಪ, ರಂಗೋಲಿ, ಹೊಲದ ಚಿತ್ರ ಸಾಕು.

ಮುಟ್ಟಿಸುವುದು: ವಾಟ್ಸ್ಯಾಪ್‌ನಿಂದ ಪೇಪರ್ ಹಾಕುವ ಹುಡುಗನವರೆಗೆ

ಸಣ್ಣ ಅಂಗಡಿಗೆ ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ಒಂದೇ ಸಂದೇಶವನ್ನು ಎಲ್ಲರಿಗೂ ಬೇರೆಬೇರೆಯಾಗಿ ಮುಟ್ಟಿಸುವ ಬ್ರಾಡ್‌ಕಾಸ್ಟ್ ಪಟ್ಟಿ ಒಂದಕ್ಕೆ 256 ಜನರವರೆಗೆ ಹಿಡಿಯುತ್ತದೆ. ಆದರೆ ಒಂದು ತೊಡಕು ಇದೆ. ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಂದೇಶ ಮುಟ್ಟುತ್ತದೆ. 250 ಜನರಿಗೆ ಕಳಿಸಿದೆ, ಯಾರೂ ಉತ್ತರಿಸಲಿಲ್ಲ ಎಂದು ಕೊರಗುವವರ ಸಂದೇಶ ಹಲವು ಸಲ ಅರ್ಧ ಜನರಿಗೂ ಹೋಗಿರುವುದಿಲ್ಲ. ಅದಕ್ಕೆ ಹಬ್ಬಕ್ಕೆ ಎರಡು ತಿಂಗಳು ಮೊದಲಿನಿಂದಲೇ ಬಿಲ್ ಕೊಡುವಾಗ ‘ನಮ್ಮ ನಂಬರ್ ಸೇವ್ ಮಾಡ್ಕೊಂಡು ಒಂದು ನಮಸ್ಕಾರ ಕಳ್ಸ್ರಿ, ಹಬ್ಬದ ಸುದ್ದಿ ಹೇಳ್ತೀವಿ’ ಎಂದು ಕೇಳಿ. ಒಪ್ಪಿದವರಿಗಷ್ಟೇ ಕಳಿಸಿ. ಗ್ರಾಹಕರ ನಂಬರ್ ಅವರ ಸ್ವಂತ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಳಹದಿಯೇ ಒಪ್ಪಿಗೆ. ಯಾರದೋ ಬಳಿ ನಂಬರುಗಳ ಪಟ್ಟಿ ಕೊಂಡು ಕಳಿಸಿದರೆ ಜನ ಬ್ಲಾಕ್ ಮಾಡುತ್ತಾರೆ, ದೂರು ಹೆಚ್ಚಾದರೆ ನಿಮ್ಮ ನಂಬರೇ ಬಂದ್ ಆಗುತ್ತದೆ, ಅದೂ ಹಬ್ಬದ ವಾರದಲ್ಲಿ.

ಪಟ್ಟಿಗಳನ್ನು ಲೇಬಲ್ ಹಾಕಿ ಬಿಡಿಸಿಡಿ: ಹೊಲ ಇದ್ದವರು, ನೌಕರದಾರರು, ಖಾತೆಯವರು, ಹೋದ ವರ್ಷ ಗಂಟು ಒಯ್ದವರು. ಒಂದು ಹಬ್ಬಕ್ಕೆ ಮೂರೇ ಸಂದೇಶ: ಹತ್ತು ದಿನ ಮೊದಲು ತಿಳಿಸುವುದು, ಐದು ದಿನ ಮೊದಲು ಗಂಟಿನ ಫೋಟೊ, ಗಡುವಿನ ದಿನ ಬೆಳಿಗ್ಗೆ ನೆನಪು. ಈಗಾಗಲೇ ಹೆಸರು ಬರೆಸಿದವರಿಗೆ ಮೂರನೆಯದನ್ನು ಕಳಿಸಬಾರದು, ಕಳಿಸಿದರೆ ತಮ್ಮದು ಬರೆದುಕೊಂಡಿಲ್ಲವೇನೋ ಎಂದು ಗಾಬರಿಯಾಗಿ ಫೋನ್ ಮಾಡುತ್ತಾರೆ. ಫೋಟೊ ಇಂಟರ್ನೆಟ್ಟಿನದು ಬೇಡ. ಗಂಟನ್ನು ಬಿಚ್ಚಿ, ಸಾಮಾನನ್ನು ಬಿಳಿ ಪಂಚೆಯ ಮೇಲೆ ಹರಡಿ, ಬೆಳಿಗ್ಗೆ ಎಂಟರ ಬೆಳಕಿನಲ್ಲಿ, ಅಂಗಡಿಯ ಬಾಗಿಲ ಬಳಿ ತೆಗೆಯಿರಿ.

ಗೂಗಲ್ ಮ್ಯಾಪಿನಲ್ಲಿ ಅಂಗಡಿ ಇದ್ದರೆ ವಿಶೇಷ ದಿನದ ವೇಳೆಯನ್ನು ತಿದ್ದಿ. ಎಳ್ಳಮಾಸಿ ದಿನ ಬಂದ್, ರಂಜಾನಿನಲ್ಲಿ ರಾತ್ರಿ 12ರವರೆಗೆ ತೆರೆದಿದೆ ಎಂದು ಕಾಣಲಿ. ಉರುಸಿಗೆ ತೆಲಂಗಾಣ, ಮಹಾರಾಷ್ಟ್ರದಿಂದ ಬಂದವರು ಊಟ, ವಸತಿ ಹುಡುಕುವುದೇ ಅಲ್ಲಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ದಿನಕ್ಕೆ 200 ರೂಪಾಯಿಯಂತೆ 5 ದಿನ ಇಟ್ಟರೆ 1,000, ಮೇಲೆ 18% ಜಿಎಸ್‌ಟಿ ಸೇರಿ 1,180. ಜಾಗದ ಆಯ್ಕೆಯಲ್ಲಿ ‘ಕರ್ನಾಟಕ’ ಎಂದು ಬಿಟ್ಟರೆ ದುಡ್ಡೆಲ್ಲ ಬೆಂಗಳೂರಿಗೆ ಹೋಗುತ್ತದೆ. ಅಂಗಡಿಯ ಮೇಲೆ ಗುರುತು ಹಾಕಿ ಸುತ್ತ 8-10 ಕಿಲೋಮೀಟರ್ ಮಾತ್ರ ಆರಿಸಿ. ಗುಂಡಿ ಒತ್ತಿದರೆ ನೇರ ವಾಟ್ಸ್ಯಾಪ್‌ಗೆ ಬರುವ ಬಗೆಯನ್ನು ಆರಿಸಿ. ಜಾಹೀರಾತು ಪರಿಶೀಲನೆಗೆ ಸಾಮಾನ್ಯವಾಗಿ 24 ತಾಸು, ಹಬ್ಬದ ಹೊತ್ತಿಗೆ ತಡವಾಗಲೂಬಹುದು. ಮೂರು ದಿನ ಮೊದಲೇ ಒಪ್ಪಿಸಿಬಿಡಿ. ಒಟ್ಟಿಗೆ ಸಾವಿರಾರು ಜನರಿಗೆ ಎಸ್‌ಎಂಎಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ನೋಂದಣಿ (ಮೊಬೈಲ್ ಕಂಪನಿಗಳ ದಾಖಲೆಯಲ್ಲಿ ಹೆಸರು ಬರೆಸುವುದು), ಕಳಿಸುವವರ ಹೆಸರು, ಸಂದೇಶದ ನಮೂನೆ ಎಲ್ಲಕ್ಕೂ ಒಪ್ಪಿಗೆ ಬೇಕು. ಮೊದಲ ಸಲದವರು ಹಬ್ಬದ ವಾರದಲ್ಲಿ ಅದಕ್ಕೆ ಕೈ ಹಾಕಬೇಡಿ.

ಪತ್ರಿಕೆಯೊಳಗೆ ಕರಪತ್ರ ಇಡಿಸುವುದು ಕಲಬುರಗಿ, ಬೀದರ್, ಯಾದಗಿರಿ ಪಟ್ಟಣಗಳಲ್ಲಿ ಈಗಲೂ ಕೆಲಸ ಮಾಡುತ್ತದೆ. ಏಜೆಂಟರಿಗೆ ಹಿಂದಿನ ಸಂಜೆಯೇ ಹಾಳೆ ಮುಟ್ಟಿಸಿ, ಪತ್ರಿಕೆ ವಿಂಗಡಿಸುವುದು ನಸುಕಿನಲ್ಲಿ. ಇಡೀ ಊರಿಗೆ ಬೇಡ, ನಿಮ್ಮ ಸುತ್ತಲಿನ ನಾಲ್ಕು ಬಡಾವಣೆಗೆ 1,000 ಹಾಳೆ. ಭಾನುವಾರ ಒಳ್ಳೆಯದು. ಆಟೊಗೆ ಮೈಕು ಕಟ್ಟಿ ಕೂಗಿಸುವುದಿದ್ದರೆ ಪೊಲೀಸರ ಅನುಮತಿ ಪಡೆಯಿರಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ. ಮಾರ್ಚ್ ತಿಂಗಳು ಮಕ್ಕಳ ಪರೀಕ್ಷೆಯ ಕಾಲ, ಆಗ ಅನುಮತಿ ಇದ್ದರೂ ಬೇಡ.

ಪ್ಲಾಸ್ಟಿಕ್ ಫ್ಲೆಕ್ಸ್ 2016ರ ಮಾರ್ಚ್‌ನಿಂದ ರಾಜ್ಯದಲ್ಲಿ ನಿಷೇಧ. ಬಟ್ಟೆಯ ಬ್ಯಾನರ್ ಬರೆಸಿ, ನಿಮ್ಮ ಅಂಗಡಿಯ ಮುಂಭಾಗಕ್ಕೇ ಕಟ್ಟಿ. ವೃತ್ತದಲ್ಲಿ, ವಿದ್ಯುತ್ ಕಂಬಕ್ಕೆ ಕಟ್ಟಬೇಕೆಂದರೆ ಪಾಲಿಕೆಯ ಅಥವಾ ನಗರಸಭೆಯ ಅನುಮತಿ ಬೇಕು, ಇಲ್ಲದಿದ್ದರೆ ಕಿತ್ತು ಒಯ್ಯುತ್ತಾರೆ, ದಂಡವೂ ಬೀಳಬಹುದು. ಬರೆಯುವ ಪೇಂಟರ್ ಒಬ್ಬರು ನಿಮ್ಮ ಓಣಿಯಲ್ಲಿ ಇನ್ನೂ ಇದ್ದರೆ ಅವರಿಗೇ ಕೆಲಸ ಕೊಡಿ. ಕೈಬರಹದ ಅಕ್ಷರವನ್ನು ಜನ ನಿಂತು ಓದುತ್ತಾರೆ.

ಹಬ್ಬದ ವಾರ

ಪ್ರಚಾರ ಚೆನ್ನಾಗಿ ಆಗಿ ಜನ ಬಂದ ಮೇಲೆ ಅಂಗಡಿಯಲ್ಲಿ ಅವ್ಯವಸ್ಥೆಯಾದರೆ ಮಾಡಿದ್ದೆಲ್ಲ ನೀರುಪಾಲು. ಹೆಸರು ಬರೆಸಿದ ಗಂಟುಗಳಿಗೆ ಬೇರೆ ಬಾಗಿಲು ಅಥವಾ ಕನಿಷ್ಠ ಬೇರೆ ಟೇಬಲ್ ಇರಲಿ. ಪ್ರತಿ ಚೀಲಕ್ಕೆ ಹೆಸರು, ಊರು, ದುಡ್ಡು ಕೊಟ್ಟಿದ್ದಾರೋ ಇಲ್ಲವೋ ಎಂಬ ಚೀಟಿ ಕಟ್ಟಿ. ಕಲಬುರಗಿಯಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಸಿಗುತ್ತಾರೆ, ಆದ್ದರಿಂದ ಫೋನಿನ ಕೊನೆಯ ನಾಲ್ಕು ಅಂಕಿಯೂ ಬೇಕು. 675ರ ಗಂಟಿಗೆ 25 ರೂಪಾಯಿ ವಾಪಸು ಕೊಡಬೇಕಾಗುತ್ತದೆ, 10 ಮತ್ತು 5ರ ಚಿಲ್ಲರೆಯನ್ನು ಬ್ಯಾಂಕಿನಿಂದ ವಾರ ಮೊದಲೇ ತನ್ನಿ. ಹಬ್ಬದ ಮುಂಚಿನ ಸಂಜೆ ಮೊಬೈಲ್ ಪಾವತಿ ಸಿಕ್ಕಿಕೊಳ್ಳುವುದುಂಟು, ಎರಡು ಬೇರೆ ಬ್ಯಾಂಕಿನ ಕ್ಯೂಆರ್ ಇಟ್ಟಿರಿ. ದುಡ್ಡು ಕತ್ತರಿಸಿ ನಿಮಗೆ ಬಾರದಿದ್ದರೆ ಗಿರಾಕಿಯ ಜತೆ ವಾದಕ್ಕಿಳಿಯದೆ ವ್ಯವಹಾರದ ಸಂಖ್ಯೆ ಬರೆದುಕೊಂಡು, ಖಾತೆಯವರಾದರೆ ಗಂಟು ಕೊಟ್ಟು ಕಳಿಸಿ.

ನಿಮ್ಮ ಅಂಗಡಿಯ ಹುಡುಗರಿಗೂ ಅದೇ ಹಬ್ಬ. ಎಳ್ಳಮಾಸಿಯ ಹಿಂದಿನ ಮಧ್ಯಾಹ್ನವೇ ಊರಿಗೆ ಹೋಗುವವರು ಇರುತ್ತಾರೆ, ಈದ್ ಬೆಳಿಗ್ಗೆ ರಜೆ ಬೇಕಾದವರು ಇರುತ್ತಾರೆ. ಪಾಳಿಯನ್ನು ಹದಿನೈದು ದಿನ ಮೊದಲೇ ಅವರ ಜತೆ ಕೂತು ಬರೆಯಿರಿ. ಈದ್‌ಗೆ ಇವರು, ದೀಪಾವಳಿಗೆ ಅವರು ಎಂದು ಹಂಚಿಕೊಂಡರೆ ಅಂಗಡಿಯೂ ನಿಲ್ಲುವುದಿಲ್ಲ. ಅವರ ಮನೆಗೂ ಒಂದೊಂದು ಗಂಟು ನಿಮ್ಮ ಲೆಕ್ಕದಲ್ಲಿ ಹೋಗಲಿ. ಹಬ್ಬದ ಖರ್ಚಿನಲ್ಲಿ ಅತ್ಯಂತ ಯೋಗ್ಯವಾದ ಖರ್ಚು ಅದು.

ಹಬ್ಬ ಮುಗಿದ ಮೇಲೆ

ಯಾವ ದಾರಿಯಿಂದ ಗಿರಾಕಿ ಬಂದರು ಎಂದು ತಿಳಿಯಲು ದೊಡ್ಡ ತಂತ್ರಜ್ಞಾನ ಬೇಡ. ವಾಟ್ಸ್ಯಾಪ್ ಸಂದೇಶದಲ್ಲಿ ‘ಗಂಟು’, ಕರಪತ್ರದಲ್ಲಿ ‘ಚರಗ’, ಫೇಸ್‌ಬುಕ್ಕಿನಲ್ಲಿ ‘ಭಜ್ಜಿ’ ಎಂಬ ಪದ ಇಡಿ, ಗಲ್ಲಾದಲ್ಲಿ ಹೇಳಿದರೆ ಒಂದು ಬೆಲ್ಲದ ಉಂಡೆ ಕೈಗಿಡಿ. ಪಕ್ಕದ ರಟ್ಟಿನ ಮೇಲೆ ಮೂರು ಸಾಲು, ಬಂದವರಿಗೆ ಒಂದೊಂದು ಗೀಟು. ಸಂಜೆಗೆ ಎಣಿಸಿ. 1,180 ರೂಪಾಯಿಯ ಜಾಹೀರಾತಿನಿಂದ 12 ಗಂಟು ಹೋದವು ಅಂದುಕೊಳ್ಳಿ. ಗಂಟಿಗೆ 60ರಂತೆ 720 ಬಂತು, ಅಂದರೆ 460 ಕೈಬಿಟ್ಟಿತು. ಆದರೆ ಆ 12ರಲ್ಲಿ ಹೊಸ ಮನೆಗಳು ಎಷ್ಟು ಎಂದೂ ನೋಡಿ. ಎಂಟು ಹೊಸವಾದರೆ ಮುಂದಿನ ವರ್ಷಕ್ಕೂ ಜಾಹೀರಾತು ಇಡಿ, ಎಲ್ಲ ಹಳೆಯ ಗಿರಾಕಿಗಳೇ ಆಗಿದ್ದರೆ ಬಿಡಿ, ಅವರು ವಾಟ್ಸ್ಯಾಪ್ ನೋಡಿಯೇ ಬರುತ್ತಿದ್ದರು.

ಉಳಿದ ಗಂಟುಗಳನ್ನು ಮರುದಿನವೇ ಬಿಚ್ಚಿ ಬೆಲ್ಲ, ಶೇಂಗಾ, ಎಣ್ಣೆಯನ್ನು ಕಪಾಟಿಗೆ ಸೇರಿಸಿ. ಎಳ್ಳು ಸಂಕ್ರಾಂತಿಗೆ ಹೋಗುತ್ತದೆ. ಸಜ್ಜೆ ಹಿಟ್ಟನ್ನು ಅವತ್ತೇ ಕಡಿಮೆ ಬೆಲೆಗೆ ಕೊಟ್ಟುಬಿಡಿ, ಒಂದು ವಾರ ಇಟ್ಟು ಪೂರ್ತಿ ಬೆಲೆಗೆ ಮಾರಬೇಡಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಅದೇ ಪುಟದ ಕೆಳಗೆ ಬರೆದಿಡಿ: ಎಷ್ಟು ಕಟ್ಟಿದ್ದೆವು, ಎಷ್ಟು ಹೋಯಿತು, ಯಾವತ್ತು ಜನ ಹೆಚ್ಚು ಬಂದರು, ಗಿರಣಿ ಎಷ್ಟು ತಡ ಮಾಡಿತು, ಗಂಟಿನಲ್ಲಿ ಇಲ್ಲದ ಯಾವ ಸಾಮಾನನ್ನು ಜನ ಕೇಳಿದರು. ಆ ಕೊನೆಯ ಪ್ರಶ್ನೆಗೆ ಮೂರು ಮನೆಯವರು ಒಂದೇ ಉತ್ತರ ಕೊಟ್ಟಿದ್ದರೆ, ಮುಂದಿನ ಎಳ್ಳಮಾಸಿಯ ಗಂಟಿನಲ್ಲಿ ಹನ್ನೆರಡನೆಯ ಸಾಮಾನು ಅದೇ.